“ಖಚಿತವಾಗಿ ಹೇಳಲಾರೆ” ಎಂದ ವೈದ್ಯರು



ರಾತ್ರಿ ಹನ್ನೊಂದರ ಸಮಯ. ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ನೀವು ಕುಳಿತಿದ್ದೀರಿ ಎಂದು ಭಾವಿಸಿಕೊಳ್ಳಿ. ಕೈಯಲ್ಲಿ ಔಷಧದ ಚೀಟಿಗಳ ಕಟ್ಟು, ಮಡಿಲಲ್ಲಿ ತಂದೆಯವರ ಕನ್ನಡಕವೂ ಶಾಲೂ ಇರುವ ಚೀಲ. ನಾಲ್ಕು ದಿನಗಳ ಹಿಂದೆ ಮೂತ್ರದ ಸೋಂಕೆಂದು ಆರಂಭವಾದ ಜ್ವರ ಈಗ ನಂಜಾಗಿ ಮೈಯೆಲ್ಲ ವ್ಯಾಪಿಸಿದೆ. ಬಾಗಿಲು ತೆರೆದು ಹೊರಬಂದ ವೈದ್ಯರು ಹೇಳುತ್ತಾರೆ: “ರಕ್ತದೊತ್ತಡ ನಿಲ್ಲುತ್ತಿಲ್ಲ. ಸ್ಟೀರಾಯ್ಡ್ ಆರಂಭಿಸಬೇಕೆಂದು ಯೋಚಿಸುತ್ತಿದ್ದೇವೆ.” ನೀವು ಕೇಳುವುದು ಒಂದೇ ಪ್ರಶ್ನೆ: “ಅದರಿಂದ ಅವರು ಉಳಿಯುತ್ತಾರೆಯೇ?” ವೈದ್ಯರು ಒಂದು ಕ್ಷಣ ತಡೆದು, “ಖಚಿತವಾಗಿ ಹೇಳಲಾರೆ” ಎನ್ನುತ್ತಾರೆ.

ಆ ಕ್ಷಣದಲ್ಲಿ ನಿಮ್ಮ ಮನಸ್ಸಿನಲ್ಲಿ ಏನು ಮೂಡೀತು? ಇಷ್ಟು ಓದಿದ ವೈದ್ಯರಿಗೇ ಗೊತ್ತಿಲ್ಲವೆಂದರೆ ನಾವು ಯಾರನ್ನು ನಂಬಬೇಕು ಎಂಬ ಕಳವಳವೇ? ಗೊತ್ತಿರುವ ಬೇರೊಬ್ಬ ವೈದ್ಯರ ಬಳಿಗೆ ಒಯ್ಯಬೇಕಿತ್ತು ಎಂಬ ಪಶ್ಚಾತ್ತಾಪವೇ? ಇವು ಸಹಜವಾದ ಭಾವನೆಗಳೇ. ಆದರೆ “ಖಚಿತವಾಗಿ ಹೇಳಲಾರೆ” ಎಂಬ ಆ ಎರಡು ಪದಗಳ ಹಿಂದೆ ನಾಲ್ಕು ದಶಕಗಳ ಕಷ್ಟದ ಕಲಿಕೆಯಿದೆ. ಸಾವಿರಾರು ಅಪರಿಚಿತ ರೋಗಿಗಳ ನೋವಿದೆ. ಅದು ವೈದ್ಯರ ದೌರ್ಬಲ್ಯವೋ ಅಥವಾ ಅವರು ನಿಮಗೆ ತೋರಬಹುದಾದ ಅತ್ಯುನ್ನತ ಗೌರವವೋ ಎಂಬುದನ್ನು ಈ ಪುಟಗಳಲ್ಲಿ ನಿಮ್ಮೊಡನೆ ಕುಳಿತು ವಿಚಾರಿಸಬೇಕೆಂದು ನನ್ನ ಆಸೆ.

ಮೊದಲು ಕಾಯಿಲೆಯನ್ನು ಅರಿಯೋಣ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಹತೋಟಿ ತಪ್ಪಿ ತನ್ನದೇ ಅಂಗಾಂಗಗಳನ್ನು ಘಾಸಿಗೊಳಿಸುವ ಸ್ಥಿತಿಯನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಕಳ್ಳನನ್ನು ಹಿಡಿಯಲು ಬಂದವರು ಮನೆಗೇ ಬೆಂಕಿಯಿಟ್ಟಂತೆ. ರಕ್ತನಾಳಗಳು ಬಿಗಿ ಕಳೆದುಕೊಂಡು ರಕ್ತದೊತ್ತಡ ಕುಸಿದು, ಅದನ್ನು ಎತ್ತಿ ನಿಲ್ಲಿಸಲು ಔಷಧದ ಆಸರೆ ಬೇಕೇ ಬೇಕೆಂಬ ಹಂತ ತಲುಪಿದಾಗ ಅದು ಸೆಪ್ಟಿಕ್ ಶಾಕ್. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ 89 ಲಕ್ಷ ಮಂದಿ ಸೆಪ್ಸಿಸ್‌ಗೆ ತುತ್ತಾದರೆಂದೂ ಅವರಲ್ಲಿ ಸುಮಾರು 1 ಕೋಟಿ 10 ಲಕ್ಷ ಮಂದಿ ತೀರಿಕೊಂಡರೆಂದೂ 2020ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಆ ವರ್ಷ ಸಂಭವಿಸಿದ ಪ್ರತಿ ಐದು ಸಾವುಗಳಲ್ಲಿ ಹೆಚ್ಚುಕಡಿಮೆ ಒಂದು ಇದರದ್ದು.

ಇಂಥ ವಿಪತ್ತಿನಲ್ಲಿ ದೇಹ ತಾನಾಗಿಯೇ ಹೊರತರುವ ಒಂದು ರಸವಿದೆ. ಅದರ ಹೆಸರು ಕಾರ್ಟಿಸಾಲ್. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಆಜ್ಞೆಯಂತೆ ಇದನ್ನು ತಯಾರಿಸುತ್ತವೆ. ಅದು ರಕ್ತನಾಳಗಳ ಬಿಗಿಯನ್ನು ಕಾಯುತ್ತದೆ, ಸಕ್ಕರೆಯನ್ನು ಒದಗಿಸುತ್ತದೆ, ರಕ್ಷಣಾ ಪಡೆಯ ಅತಿರೇಕವನ್ನು ತಡೆಯುತ್ತದೆ. ಗಾಯವಾಗಲಿ ಸೋಂಕಾಗಲಿ, ಆಘಾತ ಬಂದೊಡನೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಈ ಏರಿಕೆ ಎಷ್ಟು ಅಗತ್ಯವೆಂಬುದು ಒಂದು ದುರಂತದಿಂದ ತಿಳಿಯಿತು. 1983ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ತೀವ್ರ ನಿಗಾ ಘಟಕದಲ್ಲಿ ಎಟಾಮಿಡೇಟ್ ಎಂಬ ನಿದ್ರಾಜನಕವನ್ನು ಎಡೆಬಿಡದೆ ಕೊಟ್ಟ ರೋಗಿಗಳಲ್ಲಿ ಸಾವು ಹೆಚ್ಚಾಗಿದೆಯೆಂದು ಒಂದು ಪತ್ರ ಬರೆದರು. ಆ ಔಷಧ ಅಡ್ರಿನಲ್ ಗ್ರಂಥಿಗಳ ಕೈಕಟ್ಟಿ ಕಾರ್ಟಿಸಾಲ್ ಉತ್ಪತ್ತಿಯನ್ನೇ ತಡೆಯುತ್ತಿತ್ತೆಂಬುದು ಅನಂತರ ಸ್ಪಷ್ಟವಾಯಿತು. ರೋಗಿಯ ಬಳಲಿಕೆ ತಗ್ಗಿಸಲೆಂದು ಕೊಟ್ಟ ಔಷಧವೇ ಸದ್ದಿಲ್ಲದೆ ಅವನ ಆಸರೆಯನ್ನು ಕಸಿದಿತ್ತು.

ಹಾಗಾದರೆ ನಂಜಿನಿಂದ ಸೋತ ದೇಹಕ್ಕೆ ಹೊರಗಿನಿಂದ ಸ್ಟೀರಾಯ್ಡ್ ಕೊಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. ವೈದ್ಯರಿಗೂ ಹಾಗೆಯೇ ತೋರಿತು. ಕಾರ್ಟಿಸಾಲ್‌ನ ಸಹೋದರನಾದ ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ಕೊಟ್ಟಾಗ ಕಂಡ ಫಲ ಪವಾಡದಂತಿತ್ತು. ಆ ಸಂಶೋಧನೆಗಾಗಿ 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು. 1976ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೆಪ್ಟಿಕ್ ಶಾಕ್‌ಗೆ ತುತ್ತಾದ 172 ರೋಗಿಗಳಿದ್ದರು. ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ ಸುಮಾರು 10 ಮಂದಿಯೂ ಪಡೆಯದವರಲ್ಲಿ ಸುಮಾರು 38 ಮಂದಿಯೂ ತೀರಿಕೊಂಡಿದ್ದರು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೇನು ಬೇಕು? ದೇಹ ತಾನು ತಯಾರಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್‌ಗಳನ್ನು ಕೊಡುವ ಪದ್ಧತಿಗೆ ಈ ಫಲಿತಾಂಶ ಬಲ ತಂದಿತು.

ಹನ್ನೊಂದು ವರ್ಷಗಳ ಅನಂತರ, 1987ರಲ್ಲಿ, ಅಮೆರಿಕದಿಂದ ಎರಡು ದೊಡ್ಡ ಅಧ್ಯಯನಗಳ ವರದಿ ಒಟ್ಟಿಗೆ ಬಂದಿತು. ಎರಡರಲ್ಲೂ ಫಲಿತಾಂಶ ಒಂದೇ: ಅಧಿಕ ಪ್ರಮಾಣದ ಸ್ಟೀರಾಯ್ಡ್ ಜೀವ ಉಳಿಸಲಿಲ್ಲ. 382 ರೋಗಿಗಳಿದ್ದ ಅಧ್ಯಯನದಲ್ಲಂತೂ, ಮೂತ್ರಪಿಂಡಗಳು ಆಗಲೇ ಸೋತಿದ್ದವರಿಗೆ ಅದರಿಂದ ಕೇಡೇ ಆದ ಲಕ್ಷಣಗಳಿದ್ದವು. ಇಲ್ಲಿ ತುಸು ನಿಲ್ಲೋಣ. ಅಷ್ಟು ವರ್ಷ ಆ ಔಷಧ ಕೊಟ್ಟ ವೈದ್ಯರು ಕ್ರೂರಿಗಳೇ? ಅಲ್ಲ. ಅಲಕ್ಷ್ಯ ಮಾಡಿದವರೇ? ಅದೂ ಅಲ್ಲ. ಸಾಯುತ್ತಿರುವವನ ಮುಂದೆ ಕೈಕಟ್ಟಿ ನಿಲ್ಲಲಾರದೆ ತಮಗೆ ಸರಿಯೆಂದು ಕಂಡದ್ದನ್ನು ಮಾಡಿದವರು ಅವರು. ಒಳ್ಳೆಯ ಮನಸ್ಸಿದ್ದರೆ ಒಳ್ಳೆಯ ಫಲ ಬಂದೇ ತೀರುತ್ತದೆ ಎಂಬ ನಮ್ಮ ನಂಬಿಕೆಗೆ ಈ ಘಟನೆ ಪೆಟ್ಟು ಕೊಡುತ್ತದೆ.

ಅನಂತರ ಚಿಂತನೆ ಬೇರೆ ದಿಕ್ಕಿಗೆ ತಿರುಗಿತು. ಎಲ್ಲರಿಗೂ ಕೊಡುವುದೇಕೆ? ಯಾರ ದೇಹದಲ್ಲಿ ಕಾರ್ಟಿಸಾಲ್ ಸಾಲದಾಗಿದೆಯೋ ಅವರನ್ನು ಪರೀಕ್ಷೆಯಿಂದ ಗುರುತಿಸಿ ಅವರಿಗಷ್ಟೇ, ಅದೂ ಮಿತವಾಗಿ, ಕೊಡಬಾರದೇಕೆ? 2000ದಲ್ಲಿ ಫ್ರಾನ್ಸಿನ ಜಿಲಾಲಿ ಅನ್ನಾನ್ ಮತ್ತು ಅವರ ಸಂಗಡಿಗರು 189 ರೋಗಿಗಳ ಕಾರ್ಟಿಸಾಲ್ ಮಟ್ಟವನ್ನು ಅಳೆದರು. ಬಳಿಕ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುವ ಚುಚ್ಚುಮದ್ದು ಕೊಟ್ಟು ಆ ಮಟ್ಟ ಎಷ್ಟು ಏರುತ್ತದೆಂದು ನೋಡಿದರು. ಕಂಡದ್ದು ವಿಚಿತ್ರವಾಗಿತ್ತು. ಅತಿ ಹೆಚ್ಚು ಮಂದಿ ತೀರಿಕೊಂಡದ್ದು ಕಾರ್ಟಿಸಾಲ್ ಕಡಿಮೆಯಿದ್ದವರ ಗುಂಪಿನಲ್ಲಲ್ಲ. ಮಟ್ಟ ಆಗಲೇ 34 ಮೈಕ್ರೋಗ್ರಾಂ ದಾಟಿದ್ದು, ಚುಚ್ಚುಮದ್ದಿನ ಅನಂತರ 9ಕ್ಕಿಂತ ಹೆಚ್ಚು ಏರಲಾರದೆ ಹೋದವರಲ್ಲಿ ನೂರಕ್ಕೆ 82 ಮಂದಿ ಇಪ್ಪತ್ತೆಂಟು ದಿನಗಳೊಳಗೆ ತೀರಿಕೊಂಡರು. ಮಟ್ಟ ಅದಕ್ಕಿಂತ ಕಡಿಮೆಯಿದ್ದು ಚೆನ್ನಾಗಿ ಏರಿದವರಲ್ಲಿ ಸಾವು ನೂರಕ್ಕೆ 26. ದುಡಿಯಬಲ್ಲಷ್ಟೂ ದುಡಿದು ಇನ್ನು ಒಂದು ಹೆಜ್ಜೆಯೂ ಇಡಲಾರೆನೆಂದು ನಿಂತ ಎತ್ತಿನ ಸ್ಥಿತಿ ಆ ಗ್ರಂಥಿಗಳದ್ದಾಗಿತ್ತು.

2002ರಲ್ಲಿ ಅದೇ ತಂಡ 300 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಪರೀಕ್ಷೆಯಲ್ಲಿ ಮಟ್ಟ ಏರದಿದ್ದವರ ಪೈಕಿ ಸ್ಟೀರಾಯ್ಡ್ ಪಡೆಯದವರಲ್ಲಿ ನೂರಕ್ಕೆ 63 ಮಂದಿಯೂ ಪಡೆದವರಲ್ಲಿ 53 ಮಂದಿಯೂ ತೀರಿಕೊಂಡಿದ್ದರು. ಕೊನೆಗೂ ಬಾಗಿಲ ಕೀಲಿ ಸಿಕ್ಕಿತೆಂದು ಅನೇಕರಿಗೆ ಅನ್ನಿಸಿತು. ಆದರೆ 2008ರಲ್ಲಿ ಕಾರ್ಟಿಕಸ್ ಎಂಬ ಹೆಸರಿನ, 499 ರೋಗಿಗಳ ಅಧ್ಯಯನದ ವರದಿ ಬಂದಾಗ ಆ ಕೀಲಿ ತಿರುಗಲಿಲ್ಲ. ಮಟ್ಟ ಏರದವರಲ್ಲಿಯೂ ಏರಿದವರಲ್ಲಿಯೂ ಸ್ಟೀರಾಯ್ಡ್‌ನಿಂದ ಸಾವು ಕಡಿಮೆಯಾಗಲಿಲ್ಲ. ರಕ್ತದೊತ್ತಡವೇನೋ ಬೇಗ ಚೇತರಿಸಿಕೊಂಡಿತು; ಆದರೆ ಹೊಸ ಸೋಂಕುಗಳು ಹೆಚ್ಚಾಗಿ ಕಂಡವು. ಔಷಧ ಯಾರಿಗೆ ಬೇಕೆಂದು ಆರಿಸಲು ಆ ಪರೀಕ್ಷೆಯನ್ನು ಬಳಸದಿರುವುದೇ ಲೇಸೆಂದು ಅದೇ ವರ್ಷದ ಅಂತರರಾಷ್ಟ್ರೀಯ ಮಾರ್ಗಸೂಚಿ ಸಲಹೆ ಮಾಡಿತು.

ಆ ಸಂಖ್ಯೆಯೇ ಎಷ್ಟು ಮೋಸಗಾರನೆಂಬುದೂ ಕ್ರಮೇಣ ತಿಳಿದುಬಂದಿತು. ರಕ್ತದಲ್ಲಿರುವ ಕಾರ್ಟಿಸಾಲ್‌ನ ಬಹುಭಾಗ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ; ಕೆಲಸ ಮಾಡುವುದು ಬಿಡಿಯಾಗಿರುವ ಅಲ್ಪಭಾಗ ಮಾತ್ರ. ತೀವ್ರ ಕಾಯಿಲೆಯಲ್ಲಿ ಪ್ರೋಟೀನು ಕುಸಿದಾಗ ಒಟ್ಟು ಲೆಕ್ಕ ಕಡಿಮೆಯೆಂದು ಕಂಡರೂ ಬಿಡಿಭಾಗ ಸಾಕಷ್ಟಿರಬಹುದೆಂದು 2004ರಲ್ಲಿ ಗೊತ್ತಾಯಿತು. ತೀವ್ರ ಕಾಯಿಲೆಯವರಲ್ಲಿ ಕಾರ್ಟಿಸಾಲ್ ಕರಗುವುದೇ ನಿಧಾನವಾಗುತ್ತದೆಂದು 2013ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ತೋರಿಸಿದರು. ಕೆರೆಯ ನೀರು ಏರಿದ್ದು ಮಳೆಯಿಂದಷ್ಟೇ ಅಲ್ಲ, ತೂಬು ಮುಚ್ಚಿದ್ದರಿಂದಲೂ ಎಂದಂತಾಯಿತು. ಓದುಗರೇ, ಆಸ್ಪತ್ರೆಯ ಪಡಸಾಲೆಯಲ್ಲಿ ನಾವೆಲ್ಲರೂ ಸಂಖ್ಯೆಗಳಿಗೆ ಜೋತುಬೀಳುತ್ತೇವೆ. “ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಗಿದೆ” ಎಂದು ಕೇಳುತ್ತೇವೆ. ಕೇಳಬಾರದೆಂದಲ್ಲ. ಆದರೆ ಅಳೆಯಲು ಸಾಧ್ಯವಾಯಿತು ಎಂದಮಾತ್ರಕ್ಕೆ ಅರ್ಥವಾಯಿತು ಎಂದಲ್ಲ.

2018ರ ಮಾರ್ಚಿಯಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಆಸ್ಟ್ರೇಲಿಯಾದ ಸಂಶೋಧಕರ ಮುಂದಾಳತ್ವದ ಮೊದಲನೆಯದರಲ್ಲಿ 3,658 ರೋಗಿಗಳ ಲೆಕ್ಕವಿತ್ತು. ತೊಂಬತ್ತು ದಿನಗಳಲ್ಲಿ ತೀರಿಕೊಂಡವರು ಹೈಡ್ರೋಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ 27.9, ಪಡೆಯದವರಲ್ಲಿ 28.8, ಅಂದರೆ ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಫ್ರಾನ್ಸಿನ ಎರಡನೆಯದರಲ್ಲಿ 1,241 ರೋಗಿಗಳು. ಅಲ್ಲಿ ಹೈಡ್ರೋಕಾರ್ಟಿಸೋನ್ ಜೊತೆಗೆ ಇನ್ನೊಂದು ಸ್ಟೀರಾಯ್ಡ್ ಅನ್ನೂ ಕೊಟ್ಟಿದ್ದರು. ಪಡೆದವರಲ್ಲಿ 43, ಪಡೆಯದವರಲ್ಲಿ 49.1. ಎರಡರಲ್ಲೂ ಆಘಾತದಿಂದ ಹೊರಬರುವುದು ಬೇಗ ಆಗಿತ್ತು. ರಕ್ತದೊತ್ತಡಕ್ಕೆ ಔಷಧದ ಆಸರೆ ಬಿಡದೆ ಬೇಕಾಗುತ್ತಿರುವ ಸೆಪ್ಟಿಕ್ ಶಾಕ್ ರೋಗಿಗಳಿಗೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡಬಹುದು ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸೂಚಿಸಿತು. ಗಮನಿಸಿ, ಅದು ಆಜ್ಞೆಯಲ್ಲ, ಸಲಹೆ. ನಿಮ್ಮ ಮುಂದೆ ನಿಂತ ವೈದ್ಯರು “ಖಚಿತವಾಗಿ ಹೇಳಲಾರೆ” ಎಂದದ್ದು ಓದಿರದ ಕಾರಣದಿಂದಲ್ಲ, ಇದೆಲ್ಲವನ್ನೂ ಓದಿರುವ ಕಾರಣದಿಂದ.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಈ ಅಧ್ಯಯನಗಳಲ್ಲಿ ಯಾರಿಗೆ ಔಷಧ, ಯಾರಿಗೆ ಔಷಧದಂತೆ ಕಾಣುವ ಬರಿಯ ದ್ರವ ಎಂಬುದನ್ನು ನಿರ್ಧರಿಸಿದ್ದು ವೈದ್ಯರಲ್ಲ, ಚೀಟಿ ಎತ್ತಿದಂಥ ಒಂದು ಕ್ರಮ. ಯಾರಿಗೆ ಯಾವುದು ಸಿಕ್ಕಿತೆಂಬುದು ವೈದ್ಯರಿಗಾಗಲಿ ಮನೆಯವರಿಗಾಗಲಿ ತಿಳಿದಿರಲಿಲ್ಲ. ಸಾವು ಬದುಕಿನ ನಡುವೆ ತೂಗುತ್ತಿರುವ ಮನುಷ್ಯನ ವಿಷಯದಲ್ಲಿ ಹೀಗೆ ಮಾಡುವುದು ಧರ್ಮವೇ? ಅವನು ಯಾರೋ ಮುಂದೆ ಬರಲಿರುವವರ ಒಳಿತಿಗೆ ಬಳಸುವ ಸಾಧನವಾದನಲ್ಲವೇ? ಅದರಲ್ಲೂ ಅವನು ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಒಪ್ಪಿಗೆ ಕೊಡಬೇಕಾದವರು ಗಾಬರಿಗೊಂಡು ಬೆಂಚಿನ ಮೇಲೆ ಕುಳಿತಿರುವ ನೀವು. ಈ ಆಕ್ಷೇಪ ಹಗುರವಾದುದಲ್ಲ.

ಇದಕ್ಕೆ ಉತ್ತರ ಹುಡುಕುವ ಮುನ್ನ ಇನ್ನೊಂದು ಉದಾಹರಣೆಯನ್ನು ನೋಡಿ. ತಲೆಗೆ ಪೆಟ್ಟು ಬಿದ್ದವರಿಗೆ ಮಿದುಳಿನ ಊತ ಇಳಿಯಲೆಂದು ವೈದ್ಯರು ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. ನಂಬಿ ಕೊಡುತ್ತಿದ್ದರು. 2004ರಲ್ಲಿ ಕ್ರ್ಯಾಶ್ ಎಂಬ ಅಧ್ಯಯನ 10,008 ಗಾಯಾಳುಗಳ ಲೆಕ್ಕವನ್ನು ಮುಂದಿಟ್ಟಿತು. ಎರಡು ವಾರಗಳಲ್ಲಿ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1, ಪಡೆಯದವರಲ್ಲಿ 17.9. ಅಂದರೆ ಪ್ರೀತಿಯಿಂದ, ಭರವಸೆಯಿಂದ ಕೊಟ್ಟ ಔಷಧ ನೂರರಲ್ಲಿ ಮೂವರ ಪ್ರಾಣಕ್ಕೆ ಎರವಾಗುತ್ತಿತ್ತು. ಅಷ್ಟು ವರ್ಷಗಳ ಕಾಲ ಎಷ್ಟು ಮನೆಗಳಲ್ಲಿ ದೀಪ ಆರಿತೋ ಲೆಕ್ಕವಿಟ್ಟವರಿಲ್ಲ. ಈಗ ಹೇಳಿ, ನಿರ್ದಯವಾದದ್ದು ಯಾವುದು? ತನ್ನ ಅಜ್ಞಾನವನ್ನು ಒಪ್ಪಿ ಚೀಟಿ ಎತ್ತಿದ್ದೋ, ಅಥವಾ ಅಜ್ಞಾನವನ್ನೇ ಜ್ಞಾನವೆಂದು ತಿಳಿದು ದಶಕಗಳ ಕಾಲ ಕೊಡುತ್ತ ಹೋದದ್ದೋ?

ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದಾಗ ಪ್ರೇಷಿತರೂ ಚೀಟು ಹಾಕಿದರೆಂಬುದು ನಮಗೆ ನೆನಪಿದೆ. ಇಬ್ಬರೂ ಯೋಗ್ಯರೆಂದು ಕಂಡು ತಮ್ಮ ಅರಿವು ಮುಂದೆ ಸಾಗದೆ ನಿಂತಲ್ಲಿ ಮಾತ್ರ ಅವರು ಹಾಗೆ ಮಾಡಿದರು. ಆಸ್ಪತ್ರೆಯ ಚೀಟಿಗೂ ನ್ಯಾಯ ಸಿಗುವುದು ಇದೇ ಷರತ್ತಿನ ಮೇಲೆ. ಎರಡು ದಾರಿಗಳಲ್ಲಿ ಯಾವುದು ಮೇಲೆಂದು ನಿಜವಾಗಿಯೂ ತಿಳಿಯದಿರಬೇಕು. ಔಷಧ ಸಿಗದವನಿಗೂ ಪ್ರತಿಜೀವಕ, ದ್ರವ, ಉಸಿರಾಟದ ನೆರವು, ದಾದಿಯರ ಆರೈಕೆ ಒಂದಿಷ್ಟೂ ಕಡಿಮೆಯಾಗದೆ ದೊರೆಯಬೇಕು. ಕೇಡಾಗುತ್ತಿದೆಯೆಂದು ಕಂಡರೆ ತಡೆದು ನಿಲ್ಲಿಸುವ, ಅಧ್ಯಯನದಲ್ಲಿ ಸ್ವಂತ ಲಾಭವಿಲ್ಲದ ಸಮಿತಿಯೊಂದಿರಬೇಕು. ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಬೇಡವೆನ್ನುವ ಹಕ್ಕು ಕೊನೆಯವರೆಗೂ ಅವರಿಗಿರಬೇಕು. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ರೋಗಿ ಸಾಧನವಾಗುತ್ತಾನೆ. ಎಲ್ಲವೂ ಇದ್ದಾಗ ಅವನು ಸಾಧನವಲ್ಲ, ಸಹಭಾಗಿ.

ಈ ಪಾಠ ನಮ್ಮ ಮನೆಬಾಗಿಲಿಗೂ ಬಂದಿತ್ತು. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಅಧ್ಯಯನ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಕೋವಿಡ್ ರೋಗಿಗಳ ಜೀವ ಉಳಿಸುತ್ತದೆಂದು ತೋರಿಸಿತು. ಕೃತಕ ಉಸಿರಾಟದಲ್ಲಿದ್ದವರಲ್ಲಿ ಸಾವು ನೂರಕ್ಕೆ 41.4 ರಿಂದ 29.3ಕ್ಕೆ ಇಳಿದಿತ್ತು. ಆದರೆ ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ, ಪ್ರಾಯಶಃ ಕೇಡಿದೆ ಎಂಬುದನ್ನೂ ಅದೇ ಅಧ್ಯಯನ ಹೇಳಿತ್ತು. 2021ರ ಎರಡನೆಯ ಅಲೆಯಲ್ಲಿ ನಾವು ಮೊದಲ ಮಾತನ್ನು ಕೇಳಿದೆವು, ಎರಡನೆಯದನ್ನು ಮರೆತೆವು. ಭಯದಿಂದ ಅಂಗಡಿಯಲ್ಲಿ ಮಾತ್ರೆ ಕೊಂಡು ಜ್ವರ ಬಂದ ಮೊದಲ ದಿನವೇ ನುಂಗಿದವರೂ ಇದ್ದರು. ಆ ಬೇಸಿಗೆಯಲ್ಲಿ ದೇಶದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ, ಕರ್ನಾಟಕದಲ್ಲಿಯೂ ಸಾವಿರಾರು ಮಂದಿಗೆ ಕಪ್ಪು ಶಿಲೀಂಧ್ರದ ಕಾಯಿಲೆ ತಗುಲಿತು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮತ್ತು ವಿವೇಚನೆಯಿಲ್ಲದ ಸ್ಟೀರಾಯ್ಡ್ ಬಳಕೆ ಅದರ ಮುಖ್ಯ ಕಾರಣಗಳೆಂದು ವೈದ್ಯರು ಗುರುತಿಸಿದರು. ಒಂದೇ ಔಷಧ ಒಬ್ಬನ ಉಸಿರು ಉಳಿಸಿತು, ಇನ್ನೊಬ್ಬನ ಕಣ್ಣು ಕಸಿಯಿತು.

ಹಾಗಾದರೆ ಬೆಂಚಿನ ಮೇಲೆ ಕುಳಿತಿರುವ ನೀವು ಮಾಡಬೇಕಾದದ್ದೇನು? ವೈದ್ಯರಿಂದ ಸುಳ್ಳು ಭರವಸೆಯನ್ನು ಬಲವಂತವಾಗಿ ಹೊರಡಿಸಬೇಡಿ. “ಏನಾದರೂ ಮಾಡಿ” ಎನ್ನುವ ಬದಲು, “ಇದರಿಂದ ಏನು ಒಳಿತಾಗಬಹುದು? ಏನು ಕೇಡಾಗಬಹುದು? ಕೊಡದಿದ್ದರೆ ಏನಾದೀತು?” ಎಂದು ಕೇಳಿ. ನಿಮ್ಮ ಮನೆಯವರು ಉಬ್ಬಸಕ್ಕೋ ಸಂಧಿವಾತಕ್ಕೋ ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಪ್ಪದೆ ತಿಳಿಸಿ. ಅಂಥವರ ಅಡ್ರಿನಲ್ ಗ್ರಂಥಿಗಳು ಮಂಕಾಗಿರುವುದರಿಂದ ಔಷಧ ಥಟ್ಟನೆ ನಿಂತರೆ ಪ್ರಾಣಕ್ಕೇ ಅಪಾಯ. ಅವರ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ವೈದ್ಯರೂ ಸಂಖ್ಯೆಗಳ ಮರೆಯಲ್ಲಿ ಅಡಗದೆ, ತಿಳಿದಿರುವುದನ್ನೂ ತಿಳಿಯದಿರುವುದನ್ನೂ ಮನೆಯವರ ಪಕ್ಕದಲ್ಲಿ ಕುಳಿತು ಹೇಳಬೇಕು. “ಖಚಿತವಾಗಿ ಹೇಳಲಾರೆ” ಎಂಬ ಮಾತಿನ ಬೆನ್ನಿಗೆ “ಆದರೆ ಬಿಟ್ಟುಹೋಗಲಾರೆ” ಎಂಬ ಮಾತೂ ಇರಬೇಕು. ಮೊದಲನೆಯದಿಲ್ಲದೆ ಎರಡನೆಯದು ಮುಖಸ್ತುತಿಯಾದೀತು. ಎರಡನೆಯದಿಲ್ಲದೆ ಮೊದಲನೆಯದು ಕೈಬಿಟ್ಟಂತಾದೀತು.

ಕೊನೆಯದಾಗಿ ಒಂದು ಮಾತು. ಆ ರಾತ್ರಿ ನಿಮ್ಮ ತಂದೆಯವರಿಗೆ ಕೊಟ್ಟ ಔಷಧದ ಪ್ರಮಾಣ ಎಲ್ಲಿಂದ ಬಂತು? ಅದಕ್ಕಿಂತ ಹೆಚ್ಚು ಕೊಡಬಾರದೆಂದು ಯಾರಿಗೆ ಗೊತ್ತಾಯಿತು, ಹೇಗೆ? ಸಿಡ್ನಿಯಲ್ಲೋ ಪ್ಯಾರಿಸಿನಲ್ಲೋ ಪ್ರಜ್ಞೆಯಿಲ್ಲದೆ ಮಲಗಿದ್ದ ಯಾರದೋ ತಾಯಿ, ಯಾರದೋ ಮಗ ಅದನ್ನು ನಮಗೆ ಕೊಟ್ಟುಹೋದರು. ಅವರ ಹೆಂಡತಿಯೋ ಮಗಳೋ ನಿಮ್ಮಂತೆಯೇ ಬೆಂಚಿನ ಮೇಲೆ ಕುಳಿತು, ಕೈನಡುಗುತ್ತಿದ್ದರೂ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದಿರಬೇಕು. ಔಷಧ ಪಡೆದವರಷ್ಟೇ ಅಲ್ಲ, ಬರಿಯ ದ್ರವ ಪಡೆದವರೂ ಈ ಕೊಡುಗೆಯಲ್ಲಿ ಸರಿಸಮಾನರು. ಅವರಿಲ್ಲದೆ ಹೋಲಿಕೆಯೇ ಇಲ್ಲ, ಅರಿವೂ ಇಲ್ಲ. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ. ಇರುವುದು ಒಂದು ಅಂಕೆ ಮಾತ್ರ. ಮುಂದಿನ ಸಲ ನಮ್ಮ ಮನೆಯವರಾರಾದರೂ ಆ ಬಾಗಿಲಿನಿಂದ ಗುಣಮುಖರಾಗಿ ಹೊರಬಂದಾಗ, ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಹೇಳಿದ ಮೇಲೆ, ಆ ಅಪರಿಚಿತರಿಗಾಗಿಯೂ ಒಂದು ಕ್ಷಣ ಮೌನವಾಗಿ ತಲೆಬಾಗೋಣ.